ಜೇಬಿನಲ್ಲೊಯ್ಯುವ ಸಾಲ್ಡರಿಂಗ್ ಐರನ್

ವಿದ್ಯುದುಪಕರಣಗಳು ಕೆಡುವುದಕ್ಕಿರುವ ಕಾರಣಗಳಲ್ಲಿ ಬೆಸುಗೆ ಬಿಟ್ಟುಕೊಳ್ಳುವುದು ಬಹು ಸಾಮಾನ್ಯವಾದುದು. ಹಾಗೆ ಬಿಟ್ಟುಕೊಂಡ ಬೆಸುಗೆಯಾದರೋ ಅನೇಕ ವೇಳೆ ತೋಟದ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರಿನೊಳಗೋ, ಮಾಳಿಗೆಯ ಸೌರದೀಪದಲ್ಲೋ, ನಡುದಾರಿಯಲ್ಲಿ ನಿಂತ ಸ್ಕೂಟರಿನ ವೈರಿಂಗಿನಲ್ಲೋ, ಎಂದರೆ ಗೋಡೆಯ ಪ್ಲಗ್ಗಿಗೆ ಎಟುಕದ ಎಡೆಯಲ್ಲಿರುತ್ತದೆ. ಮೇಜಿನ ಮುಂದೆ ಕುಳಿತು ರಿಪೇರಿ ಮಾಡುವವರಿಗೆ 25 ವಾಟಿನ ಸಾದಾ ಐರನ್ ಸಾಕು. ಸಂಚಾರದಲ್ಲಿ ಕೆಲಸ ಮಾಡತಕ್ಕವರು ಮಾತ್ರ ಆಯ್ಕೆಯ ವಿಷಯದಲ್ಲಿ ಕೊಂಚ ವಿವೇಚಿಸಬೇಕು; ಏಕೆಂದರೆ ಅಂಗಡಿಯಲ್ಲಿ ಎಲ್ಲರೂ ಕೇಳುವ “ಎಷ್ಟು ಡಿಗ್ರಿ ಕಾಯುತ್ತದೆ?” ಎಂಬ ಪ್ರಶ್ನೆ ಮುಖ್ಯವಾದುದಲ್ಲ.

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು, ಕಾದ ಪಾತ್ರೆಯೊಳಗೆ ಮೊದಲು ನವಸಾಗರದ ಪುಡಿಯನ್ನೆರಚಿ, ಬಳಿಕ ತವರವನ್ನು ಮುಟ್ಟಿಸಿ, ಬಟ್ಟೆಯಿಂದ ಒರೆಸುತ್ತ ಹೋದಂತೆಲ್ಲ ಬೆಳ್ಳಿಯ ಹೊಳಪು ಹಬ್ಬುವುದನ್ನು ಕಂಡವರಿಗೆ ಸಾಲ್ಡರಿಂಗಿನ ತತ್ತ್ವ ಅರ್ಧ ತಿಳಿದಂತೆಯೇ ಸರಿ. ಅಲ್ಲಿ ನವಸಾಗರವು ಮಾಡುವ ಕೆಲಸವನ್ನು, ಅಂದರೆ ಲೋಹದ ಮೇಲಣ ಆಕ್ಸೈಡಿನ ಪೊರೆಯನ್ನು ಕಳೆಯುವುದನ್ನು, ಇಲ್ಲಿ “ಲೆಡ್” ಎಂದು ಕರೆಯುವ ಬೆಸುಗೆ ತಂತಿಯ ನಡುವೆ ತುಂಬಿಟ್ಟಿರುವ ರಾಳವು ಮಾಡುತ್ತದೆ. ಶುದ್ಧವಾದ ತಾಮ್ರಕ್ಕೆ ಕರಗಿದ ತವರ ತಗಲಿದೊಡನೆ ಆರು ಪರಮಾಣು ತಾಮ್ರವೂ ಐದು ಪರಮಾಣು ತವರವೂ ಕೂಡಿದ ಸಂಯುಕ್ತವೊಂದರ ತೆಳುವಾದ ಪದರ ಏರ್ಪಡುತ್ತದೆ. ಬೆಸುಗೆಯ ಬಲವೆಲ್ಲ ಆ ಪದರದ್ದು. ಅದು ಹುಟ್ಟದಿದ್ದಲ್ಲಿ ಲೋಹವು ಸುಮ್ಮನೆ ಅಂಟಿಕೊಂಡಂತೆ ತೋರಿ, ನಾಲ್ಕು ದಿನದಲ್ಲಿ ಬಿಟ್ಟುಕೊಳ್ಳುತ್ತದೆ.

ತವರವು 232 ಡಿಗ್ರಿ ಸೆಂಟಿಗ್ರೇಡಿಗೂ ಸೀಸವು 327 ಡಿಗ್ರಿಗೂ ಕರಗುವಂಥವಾದರೂ, 63 ಭಾಗ ತವರಕ್ಕೆ 37 ಭಾಗ ಸೀಸ ಬೆರೆತ ಮಿಶ್ರಲೋಹವು 183 ಡಿಗ್ರಿಗೇ ನೀರಾಗುತ್ತದೆ. ಸೀಸವಿಲ್ಲದ ಈಚಿನ ಸಾಮಾನ್ಯ ಮಿಶ್ರಣಗಳಿಗೆ 217 ಡಿಗ್ರಿಯೋ ಅದಕ್ಕಿಂತ ಹೆಚ್ಚೋ ಬೇಕು. ಹಾಗಿದ್ದರೂ ಐರನ್ನಿನ ಮುಂದಿನ ಕಾಯುವ ಭಾಗವಾದ ಬಿಟ್ಟನ್ನು 320ರಿಂದ 350 ಡಿಗ್ರಿಯವರೆಗೆ ಕಾಯಿಸುವುದೇಕೆಂದರೆ, ತಾಮ್ರವು ಉಷ್ಣವನ್ನು ಬಲು ಬೇಗ ಸೆಳೆದುಕೊಂಡು ದೂರಕ್ಕೆ ಹಂಚಿಬಿಡುತ್ತದೆ. ದಪ್ಪ ತಂತಿಗೆ ತಗಲಿದ ಬಿಟ್ಟು ಕ್ಷಣಾರ್ಧದಲ್ಲಿ ತಣ್ಣಗಾಗುತ್ತದೆ. ಆದುದರಿಂದ, ಕಳೆದುಹೋದ ಉಷ್ಣವನ್ನು ಎಷ್ಟು ಬೇಗ ತುಂಬಿಕೊಡುತ್ತದೆ ಎಂಬುದೇ ಐರನ್ನಿನ ನಿಜವಾದ ಪರೀಕ್ಷೆ.

ಹಳೆಯ ಮಾದರಿಯಲ್ಲಿ ಕಾಯುವ ಸುರುಳಿ ಒಂದೆಡೆ, ಬಿಟ್ಟು ಇನ್ನೊಂದೆಡೆ; ತುದಿಯ ಸ್ಥಿತಿ ಸುರುಳಿಗೆ ತಿಳಿಯದು. ಟಿಎಸ್‌100, ಪೈನ್‌ಸಿಲ್ ಮೊದಲಾದ ಪೆನ್ನಿನಾಕಾರದ ಐರನ್‌ಗಳಲ್ಲಿ ಕಾಯುವ ಸುರುಳಿಯನ್ನೂ ಉಷ್ಣತೆಯನ್ನಳೆಯುವ ಸಂವೇದಕವನ್ನೂ ಬಿಟ್ಟಿನೊಳಗೇ ತುದಿಯ ಸಮೀಪದಲ್ಲಿ ಇಟ್ಟಿರುವುದರಿಂದ, ಹಿಡಿಯಲ್ಲಿರುವ ಪುಟ್ಟ ಕಂಪ್ಯೂಟರು ತುದಿ ತಣಿದುದನ್ನು ಕೂಡಲೆ ಅರಿತು ವಿದ್ಯುತ್ತನ್ನು ಹರಿಸುತ್ತದೆ. ಈ ಒಂದು ಗುಣಕ್ಕಾಗಿಯೇ ಅಂಥದನ್ನು ಕೊಳ್ಳಬೇಕೆಂದು ನಾನು ಹೇಳುವೆನು.

ಆದರೆ ಅದರ ಸಾಮರ್ಥ್ಯವೆಲ್ಲ ನಾವು ಒದಗಿಸುವ ವೋಲ್ಟೇಜನ್ನು ಅವಲಂಬಿಸಿದೆ. ಇಂಥ ಬಿಟ್ಟಿನ ರೋಧ ಸುಮಾರು 8 ಓಮ್ ಎಂದಿಟ್ಟುಕೊಳ್ಳಿ; ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ವಾಟು ದೊರೆಯುವುದಷ್ಟೆ. 9 ವೋಲ್ಟಿಗೆ 10 ವಾಟು, 12 ವೋಲ್ಟಿಗೆ 18 ವಾಟು. 20 ವೋಲ್ಟಿಗಾದರೆ 50 ವಾಟು! ಪವರ್ ಬ್ಯಾಂಕಿನಿಂದ ನಡೆಸಬೇಕೆನ್ನುವವರು ಅದರ ಹಿಂಬದಿಯ ಸಣ್ಣಕ್ಷರವನ್ನು ಓದಿ, ಯುಎಸ್‌ಬಿ ಪವರ್ ಡೆಲಿವರಿ (ಪಿ.ಡಿ.) ವಿಧಾನದಲ್ಲಿ 20 ವೋಲ್ಟ್ ಕೊಡುತ್ತದೆಯೇ ಎಂದು ನೋಡಿಯೇ ಕೊಳ್ಳತಕ್ಕದ್ದು. 5 ವೋಲ್ಟಿನಿಂದ ನಡೆಯುವ 8 ವಾಟಿನ ಅಗ್ಗದ ಐರನ್ ಇಯರ್‌ಫೋನಿನ ಎಳೆಗೆ ಸಾಕಾದೀತು, ಸ್ಕೂಟರಿನ ವೈರಿಗೆ ಸಾಲದು.

ಬ್ಯೂಟೇನ್ ಅನಿಲದಿಂದ ಕಾಯುವ ಐರನ್‌ಗಳೂ ಉಂಟು. ಅವುಗಳಲ್ಲಿ ಅನಿಲವು ವೇಗವರ್ಧಕವೊಂದರ ಮೇಲೆ ಜ್ವಾಲೆಯಿಲ್ಲದೆ ಉರಿಯುತ್ತದೆ. ಶಾಖ ಧಾರಾಳವಾದರೂ ಅದಕ್ಕೆ ಅಳತೆಯಿಲ್ಲ, ಪಕ್ಕದ ರಂಧ್ರದಿಂದ ಹೊರಡುವ ಬಿಸಿಗಾಳಿ ನೆರೆಯ ತಂತಿಯ ಹೊದಿಕೆಯನ್ನು ಸುಡಬಹುದು, ಪೆಟ್ರೋಲಿನ ಹತ್ತಿರಕ್ಕಂತೂ ತರಲೇಬಾರದು.

ಬಿಟ್ಟಿನ ಆಕಾರದಲ್ಲಿ ಅನೇಕರು ಸೂಜಿಮೊನೆಗೆ ಮರುಳಾಗುತ್ತಾರೆ. ಮೊನೆಯು ಒಂದು ಬಿಂದುವಿನಲ್ಲಿ ಮಾತ್ರ ತಗಲುವುದರಿಂದ ಅದರ ಮೂಲಕ ಉಷ್ಣ ಹರಿಯುವುದು ಅತ್ಯಲ್ಪ. ಉಳಿಯ ಬಾಯಿಯಂತೆ ಚಪ್ಪಟೆಯಾಗಿ ಎರಡು ಮಿಲಿಮೀಟರಿನಷ್ಟು ಅಗಲವಾದ ಬಿಟ್ಟೇ ದಿನನಿತ್ಯದ ಕೆಲಸಕ್ಕೆ ಉತ್ತಮ. ಈಗಿನ ಬಿಟ್ಟುಗಳಲ್ಲಿ ತಾಮ್ರದ ಮೇಲೆ ಕಬ್ಬಿಣದ ಲೇಪವಿರುತ್ತದೆ. ತಾಮ್ರವು ಕರಗಿದ ತವರದಲ್ಲಿ ಸವೆದುಹೋಗದಂತೆ ಕಾಯುವುದು ಅದೇ. ಕಪ್ಪಾಯಿತೆಂದು ಅರದಿಂದ ಉಜ್ಜಿದರೆ ಲೇಪ ಹರಿದು, ಬಿಟ್ಟಿನ ತುದಿ ಗುಳಿಬಿದ್ದು ಹಾಳಾಗುತ್ತದೆ. ಹಿತ್ತಾಳೆಯ ನಾರಿನುಂಡೆಯಲ್ಲಿ ಒರೆಸಿ, ಆರಿಸುವ ಮುನ್ನ ಹೊಸ ಲೆಡ್ಡನ್ನು ಹಚ್ಚಿಬಿಡಬೇಕು.

ಬೆಸೆಯುವಾಗ ಬಿಟ್ಟು ತಂತಿಯನ್ನೂ ಬೋರ್ಡಿನ ತಾಮ್ರವನ್ನೂ ಒಟ್ಟಿಗೆ ಮುಟ್ಟಿರಬೇಕು. ಲೆಡ್ಡನ್ನು ಬಿಟ್ಟಿಗಲ್ಲ, ಕಾದ ಸಂಧಿಗೆ ತೋರಿಸಬೇಕು. ಆಗ ಅದು ತಾನಾಗಿ ಹರಿದು, ತಂತಿಯ ಸುತ್ತ ಮೆಟ್ಟಿಲಿನಂತೆ ನಿಲ್ಲದೆ ಇಳಿಜಾರಾಗಿ ಹಬ್ಬುತ್ತದೆ. ಏಳುವ ಹೊಗೆ ರಾಳದ್ದು, ಸೀಸದ್ದಲ್ಲ. ಆದರೂ ಶ್ವಾಸಕೋಶಕ್ಕೆ ಅಹಿತವಾದುದರಿಂದ ಗಾಳಿಯಾಡುವಲ್ಲಿ ಕುಳಿತುಕೊಳ್ಳಿ. ಪಂಪಿನ ಕೇಬಲ್ಲಿನಂಥ ದಪ್ಪ ತಂತಿಗಳನ್ನು ಈ ಪುಟ್ಟ ಐರನ್‌ಗಳಿಂದ ಬೆಸೆಯಲು ಹೋಗದೆ, ತುದಿಗೆ ಲಗ್ಗು ಎಂಬ ಲೋಹದ ಕೊಳವೆ ಹಾಕಿ ಒತ್ತಿಸಿರಿ. ಮೇನ್ ಸ್ವಿಚ್ ಆರಿಸದೆ ಯಾವ ಸರ್ಕ್ಯೂಟನ್ನೂ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆದೇ ಊಟಕ್ಕೆ ಕುಳಿತುಕೊಳ್ಳಿ.