ಮಂಡಿ ನೋವಿಟ್ಟುಕೊಂಡೇ ಸ್ಕ್ವಾಟ್

ಸ್ನ್ಯಾಚ್ ಎತ್ತುವವರು, ಭಾರದ ಸ್ಕ್ವಾಟ್ ಮಾಡುವವರು, ಗರಡಿಯಲ್ಲಿ ನೂರುಗಟ್ಟಲೆ ಬಸ್ಕಿ ಹೊಡೆಯುವವರು, ಎಲ್ಲರಲ್ಲೂ ಕೇಳಿಬರುವ ನೋವು ಇದು. ಮಂಡಿಚಿಪ್ಪಿನ ಕೆಳತುದಿಯಲ್ಲಿ, ಒಂದೇ ಬೆರಳಿಟ್ಟು ತೋರಿಸಬಹುದಾದಷ್ಟು ಜಾಗ. ಮೊದಲ ಸೆಟ್‌ಗಳಲ್ಲಿ ಚುಚ್ಚುತ್ತದೆ, ಮೈ ಬಿಸಿಯಾದರೆ ಸುಮ್ಮನಾಗುತ್ತದೆ, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮತ್ತೆ ಹಾಜರಾಗುತ್ತದೆ. ನೊಂದಿರುವುದು ಮಂಡಿಚಿಪ್ಪನ್ನು ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಬಿಗಿದ ಸ್ನಾಯುರಜ್ಜು, ಜಿಮ್‌ನವರು ಹೇಳುವ ಟೆಂಡನ್.

ಬಹಳ ಮಂದಿ ಒಂದು ತಿಂಗಳು ಜಿಮ್ ಬಿಡುತ್ತಾರೆ. ನೋವು ಹೋಗುತ್ತದೆ. ಹಳೆಯ ಭಾರಕ್ಕೇ ಮರಳುತ್ತಾರೆ, ವಾರದಲ್ಲಿ ನೋವೂ ಮರಳುತ್ತದೆ. ಕೆಲಸವಿಲ್ಲದ ಟೆಂಡನ್ ಭಾರ ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವಿಶ್ರಾಂತಿಯಿಂದ ನೋವಷ್ಟೇ ಇಳಿದಿರುತ್ತದೆ, ತಾಳಿಕೆ ಇನ್ನೂ ಕುಗ್ಗಿರುತ್ತದೆ.

ಟೆಂಡನ್ ಸ್ನಾಯುವಿನಷ್ಟು ಬೇಗ ಹೊಸದಾಗುವುದೂ ಇಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲ-14ರ ಜಾಡು ಹಿಡಿದು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಹಿಮ್ಮಡಿಯ ಅಕಿಲಿಸ್ ಟೆಂಡನ್‌ನ ವಯಸ್ಸು ಅಳೆದರು. ಅದರ ತಿರುಳು ಸುಮಾರು 17ನೇ ವಯಸ್ಸಿನೊಳಗೆ ಕಟ್ಟಿಕೊಂಡದ್ದು, ಆಮೇಲೆ ಹೆಚ್ಚುಕಡಿಮೆ ಹಾಗೇ ಉಳಿಯುವಂಥದ್ದು. ಆದ್ದರಿಂದ ಕೆಟ್ಟ ಭಾಗ ಪೂರ್ತಿ ಮೊದಲಿನಂತಾಗಲಿ ಎಂದು ಕಾಯುತ್ತ ಕೂರಬೇಡಿ. ಸುತ್ತಲಿನ ಗಟ್ಟಿ ಭಾಗವನ್ನು ಇನ್ನಷ್ಟು ಗಟ್ಟಿಮಾಡುವುದು ನಮ್ಮ ಕೈಯಲ್ಲಿದೆ.

ಅದಕ್ಕೆ ಬೇಕಾದದ್ದು ಭಾರವೇ. 1998ರಲ್ಲಿ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್, ಅಕಿಲಿಸ್ ನೋವಿನ ಓಟಗಾರರಿಂದ ದಿನಕ್ಕೆರಡು ಬಾರಿ, 12 ವಾರ, ನೋವಿದ್ದರೂ ಹಿಮ್ಮಡಿ ಇಳಿಸುವ ವ್ಯಾಯಾಮ ಮಾಡಿಸಿದರು. ಅವರು ಮತ್ತೆ ಓಡತೊಡಗಿದರು. ಭಾರ ಎತ್ತುವವರಿಗೆ ಹೆಚ್ಚು ಹೊಂದುವುದು 2009ರಲ್ಲಿ ಡೆನ್ಮಾರ್ಕಿನಲ್ಲಿ ಮಂಡಿಯ ಟೆಂಡನ್ ಮೇಲೇ ಪರೀಕ್ಷಿಸಿದ ಕ್ರಮ ಎಂದು ನನ್ನ ಅಭಿಪ್ರಾಯ. ವಾರಕ್ಕೆ ಮೂರು ದಿನ ಸ್ಕ್ವಾಟ್, ಲೆಗ್ ಪ್ರೆಸ್, ಹ್ಯಾಕ್ ಸ್ಕ್ವಾಟ್, ತಲಾ ನಾಲ್ಕು ಸೆಟ್. ಇಳಿಯಲು ಮೂರು ಸೆಕೆಂಡು, ಏಳಲು ಮೂರು ಸೆಕೆಂಡು. ಮೊದಲ ವಾರ, ಕಷ್ಟಪಟ್ಟರೆ 15 ಬಾರಿ ಎತ್ತಬಹುದಾದ ಭಾರ. ಅಲ್ಲಿಂದ ಏರಿಸುತ್ತ ಹೋಗಿ 9ನೇ ವಾರದ ಹೊತ್ತಿಗೆ 6 ಬಾರಿಗಷ್ಟೇ ಆಗುವ ಭಾರ. ಅದೇ ಪರೀಕ್ಷೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಿಗೂ ಮೊದಮೊದಲು ಚೆನ್ನಾಗಿತ್ತು, ಆರು ತಿಂಗಳಲ್ಲಿ ಆ ಲಾಭ ಕರಗಿತ್ತು.

ನಿಧಾನವೇ ಇಲ್ಲಿ ಮುಖ್ಯ. ಟೆಂಡನ್‌ಗೆ ಹೆಚ್ಚು ತ್ರಾಸ ಕೊಡುವುದು ವೇಗ. ಹಾಗಾಗಿ ಮೊದಲು ನಿಲ್ಲಿಸಬೇಕಾದದ್ದು ಜಿಗಿತ, ಸ್ನ್ಯಾಚ್, ತಳಮುಟ್ಟಿ ಪುಟಿದೇಳುವ ಸ್ಕ್ವಾಟ್. ಡೆಡ್‌ಲಿಫ್ಟ್ ಮತ್ತು ಮಂಡಿಯಿಂದ ಕೆಳಗಿನ ಕಾಲನ್ನು ನೆಟ್ಟಗಿಟ್ಟು ಮಾಡುವ ಬಾಕ್ಸ್ ಸ್ಕ್ವಾಟ್ ಸಾಮಾನ್ಯವಾಗಿ ಮುಂದುವರಿಯಬಹುದು. ನೋವು ಜೋರಾಗಿದ್ದ ದಿನ ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ ಕಾಲನ್ನು ಅರ್ಧ ಚಾಚಿ 45 ಸೆಕೆಂಡು ಅಲುಗಾಡದೆ ಹಿಡಿಯುವುದನ್ನು ಐದು ಸಲ ಮಾಡಿದರೆ ಕೆಲವರಿಗೆ ಒಂದಷ್ಟು ಹೊತ್ತು ಆರಾಮ. ಎಲ್ಲರಿಗೂ ಅಲ್ಲ.

ಎಷ್ಟು ನೋವನ್ನು ಸಹಿಸಬಹುದು? ಹತ್ತರಲ್ಲಿ ಮೂರೋ ನಾಲ್ಕೋ ಇದ್ದರೆ ಅಡ್ಡಿಯಿಲ್ಲ. ನಿಜವಾದ ಉತ್ತರ ಮರುದಿನ ಬೆಳಿಗ್ಗೆ ಸಿಗುತ್ತದೆ. ಎದ್ದಕೂಡಲೇ ಒಂಟಿ ಕಾಲಲ್ಲಿ ಮೆಲ್ಲಗೆ ಒಂದು ಮೆಟ್ಟಿಲಿಳಿದು ನೋಡಿ, ಅಂಕ ಬರೆದಿಡಿ. ನಿನ್ನೆ ಬೆಳಗಿನಷ್ಟೇ ಇದ್ದರೆ ಭಾರ ಸರಿಯಿತ್ತು. ಹೆಚ್ಚಿದ್ದರೆ ಮುಂದಿನ ಸರದಿಗೆ ಒಂದು ಹಂತ ಇಳಿಸಿ. ನಿಲ್ಲಿಸಬೇಡಿ.

ಔಷಧಿಯ ಮೇಲೂ ಕಣ್ಣಿರಲಿ. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಬಗೆಯ ಮಾತ್ರೆಗಳು ಟೆಂಡನ್ ಹರಿಯುವ ಅಪಾಯವನ್ನು ಹೆಚ್ಚಿಸುತ್ತವೆ. ಸೋಂಕಿಗೆ ಔಷಧಿ ಬರೆಸಿಕೊಳ್ಳುವಾಗ ಭಾರ ಎತ್ತುವ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಮಂಡಿಯಲ್ಲಿ ಫಟ್ಟನೆ ಸದ್ದಾಗಿ ಕಾಲು ನೆಟ್ಟಗೆ ಚಾಚಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಬೆಳಗಿನ ಅಂಕ ವಾರಗಟ್ಟಲೆ ಕೆಳಗೇ ನಿಂತ ಮೇಲೆ ವೇಗ ಮರಳಲಿ. ಮೊದಲು ಸ್ಕ್ವಾಟ್‌ನ ಆರು ಸೆಕೆಂಡು ಕಡಿಮೆ ಮಾಡಿ, ನಂತರ ಹಗುರ ಭಾರದಲ್ಲಿ ಪವರ್ ಕ್ಲೀನ್, ಪೂರ್ತಿ ಸ್ನ್ಯಾಚ್ ಎಲ್ಲಕ್ಕಿಂತ ಕೊನೆಗೆ. ನಿಧಾನದ ಭಾರದ ಸೆಟ್‌ಗಳು ಆಗಲೂ ವಾರಕ್ಕೆರಡು ದಿನ ಇರಲಿ.