ಖಾಲಿ ಜಾಲವಿಳಾಸದ ವರಮಾನ

ಅಂತರಜಾಲದಲ್ಲಿ ಒಂದು ತಾಣವನ್ನು ತಲುಪಲು ಬಳಸುವ ಹೆಸರನ್ನು, ಅಂದರೆ ಡಾಟ್ ಕಾಮ್, ಡಾಟ್ ಇನ್ ಮುಂತಾದವುಗಳಲ್ಲಿ ಕೊನೆಗೊಳ್ಳುವ ವಿಳಾಸವನ್ನು, ಡೊಮೇನ್ ಎನ್ನುತ್ತಾರೆ. ಇದನ್ನು ಯಾರೂ ಶಾಶ್ವತವಾಗಿ ಕೊಳ್ಳಲಾಗದು. ವರ್ಷಗಳ ಲೆಕ್ಕದಲ್ಲಿ ಶುಲ್ಕ ಕಟ್ಟಿ ನೋಂದಾಯಿಸಿಕೊಂಡು, ಅವಧಿ ಮುಗಿಯುವ ಮುನ್ನ ನವೀಕರಿಸುತ್ತಿರಬೇಕು. ಹೀಗೆ ಪಡೆದ ಹೆಸರಿನಲ್ಲಿ ತಾಣವನ್ನೇನೂ ರೂಪಿಸದೆ, ಅದನ್ನು ಜಾಹೀರಾತು ತುಂಬಿದ ಸಿದ್ಧ ಪುಟವೊಂದಕ್ಕೆ ಜೋಡಿಸಿ, ಬಂದವರು ಜಾಹೀರಾತನ್ನು ಕ್ಲಿಕ್ ಮಾಡಿದಾಗ ಹುಟ್ಟುವ ಹಣದಲ್ಲಿ ಪಾಲು ಪಡೆಯುವುದೇ ಡೊಮೇನ್ ಪಾರ್ಕಿಂಗ್. ಖಾಲಿ ನಿವೇಶನವನ್ನು ಹೋರ್ಡಿಂಗಿಗೆ ಬಾಡಿಗೆ ಕೊಡುವುದಕ್ಕೆ ಇದನ್ನು ಹೋಲಿಸಬಹುದಾದರೂ, ನಿವೇಶನದ ಮುಂದೆ ಓಡಾಡುವ ಜನ ಕಣ್ಣಿಗೆ ಕಾಣುತ್ತಾರೆ, ಹೆಸರಿನ ಮುಂದೆ ಜನ ಹಾಯುತ್ತಾರೆಂಬುದಕ್ಕೆ ಯಾವ ಖಾತರಿಯೂ ಇಲ್ಲ.

ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. 1995ರವರೆಗೆ ನೋಂದಣಿ ಉಚಿತವಾಗಿಯೇ ಇತ್ತು. ಹುಡುಕುಯಂತ್ರಗಳು ಪಳಗದ ಆ ಕಾಲದಲ್ಲಿ ಜನ ತಮಗೆ ಬೇಕಾದ ವಸ್ತುವಿನ ಹೆಸರಿಗೆ ಡಾಟ್ ಕಾಮ್ ಸೇರಿಸಿ ಬ್ರೌಸರಿನಲ್ಲಿ ನೇರವಾಗಿ ಟೈಪ್ ಮಾಡುತ್ತಿದ್ದರು, ಮತ್ತು ಪಾರ್ಕಿಂಗಿನ ಇಡೀ ವ್ಯಾಪಾರ ನಿಂತದ್ದು ಈ ಒಂದು ಅಭ್ಯಾಸದ ಮೇಲೆ. ಅಮೆರಿಕದ ಮಾರ್ಚೆಕ್ಸ್ ಕಂಪನಿ 2005ರಲ್ಲಿ ಲಕ್ಷಕ್ಕೂ ಮಿಕ್ಕಿದ ಇಂತಹ ಹೆಸರುಗಳ ಸಂಗ್ರಹವನ್ನು ಸುಮಾರು 16.4 ಕೋಟಿ ಡಾಲರಿಗೆ ಕೊಂಡಿತೆಂಬುದು ಆ ದಿನಗಳ ಹುಮ್ಮಸ್ಸನ್ನು ತೋರಿಸುತ್ತದೆ. ನೋಂದಾಯಿಸಿದ ಹೆಸರನ್ನು ಐದು ದಿನದೊಳಗೆ ಹಿಂದಿರುಗಿಸಿದರೆ ಹಣ ಮರಳುವ ನಿಯಮವನ್ನು ಬಳಸಿಕೊಂಡು, ಲಕ್ಷಗಟ್ಟಲೆ ಹೆಸರುಗಳನ್ನು ಪರೀಕ್ಷಿಸಿ, ವರ್ಷದ ಶುಲ್ಕವನ್ನು ಮೀರಿ ಗಳಿಸಬಲ್ಲವನ್ನಷ್ಟೇ ಇಟ್ಟುಕೊಳ್ಳುವ ಚಾಲಾಕಿತನವೂ ನಡೆಯಿತು. ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆ 2008-09ರ ಹೊತ್ತಿಗೆ ಇದಕ್ಕೆ ಕಡಿವಾಣ ಹಾಕಿತು.

ಹೊಸಬರು ಸಾಮಾನ್ಯವಾಗಿ ಸೋಲುವುದು ಲೆಕ್ಕದಲ್ಲಿ. ಒಂದು ಹೆಸರಿನ ನವೀಕರಣಕ್ಕೆ ವರ್ಷಕ್ಕೆ ಸಾವಿರ ರೂಪಾಯಿ, ಒಂದು ಕ್ಲಿಕ್ಕಿನ ಪಾಲು ಐದು ರೂಪಾಯಿ ಎಂದು ಊಹಿಸಿಕೊಂಡರೆ ಅಸಲು ಹುಟ್ಟಲು ಇನ್ನೂರು ಕ್ಲಿಕ್ ಬೇಕು. ಐವರಲ್ಲಿ ಒಬ್ಬರು ಕ್ಲಿಕ್ ಮಾಡುತ್ತಾರೆಂಬ ಉದಾರ ಎಣಿಕೆಯಲ್ಲೂ ಸಾವಿರ ಮಂದಿ ಬರಬೇಕು. ಆದರೆ ಯಾರೂ ಟೈಪ್ ಮಾಡದ ಹೆಸರಿಗೆ ಸಾವಿರ ಮಂದಿ ಬರುವುದಾದರೂ ಎಲ್ಲಿಂದ? ತಾನಾಗಿಯೇ ಜನ ಬರುವ ಸರಳ ಹೆಸರುಗಳು ಎಂದೋ ಹಂಚಿಹೋಗಿವೆ.

ಈ ಇಕ್ಕಟ್ಟಿನಿಂದ ಪಾರಾಗಲು ಪ್ರಸಿದ್ಧ ಕಂಪನಿಯ ಹೆಸರನ್ನೇ ಒಂದಕ್ಷರ ತಿರುಚಿ ನೋಂದಾಯಿಸುವವರಿದ್ದಾರೆ. ಅದು ಕಾನೂನಿನ ತೊಡಕಿಗೆ ನೇರ ದಾರಿ. ಅಮೆರಿಕದ 1999ರ ಕಾಯಿದೆಯಂತೆ ಇಂತಹ ಒಂದೊಂದು ಹೆಸರಿಗೂ ಒಂದು ಲಕ್ಷ ಡಾಲರ್‌ವರೆಗೆ ಪರಿಹಾರ ವಿಧಿಸಬಹುದು. ಭಾರತದಲ್ಲಿ ಡೊಮೇನ್ ಹೆಸರಿಗೂ ವ್ಯಾಪಾರಚಿಹ್ನೆಯಂತಹ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಪಾರ್ಕಿಂಗಿಗೆ ಸಂಬಂಧಿಸಿರದಿದ್ದರೂ ಸಿಫಿ, ಸಿಫಿನೆಟ್ ಎಂಬ ಒಂದನ್ನೊಂದು ಹೋಲುವ ಹೆಸರುಗಳ ಕುರಿತಾದ ಈ ವ್ಯಾಜ್ಯ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ ಕರ್ನಾಟಕ ಹೈಕೋರ್ಟಿನ ಮೂಲಕ ದೆಹಲಿ ತಲುಪಿತ್ತು.

ಜನ ಈಗ ವಿಳಾಸವನ್ನು ಊಹಿಸುವ ಬದಲು ಹುಡುಕುತ್ತಾರೆ, ಇಲ್ಲವೇ ಫೋನಿನ ಆ್ಯಪ್ ತೆರೆಯುತ್ತಾರೆ. ಜಾಹೀರಾತುಗಳ ಮುಖ್ಯ ಮೂಲವಾಗಿದ್ದ ಗೂಗಲ್ 2012ರಲ್ಲಿಯೇ ಸಾಮಾನ್ಯರಿಗೆಂದು ನಡೆಸುತ್ತಿದ್ದ ತನ್ನ ಪಾರ್ಕಿಂಗ್ ಸೇವೆಯನ್ನು ನಿಲ್ಲಿಸಿತು. ಹಾಗಾಗಿ ಪಾರ್ಕ್ ಮಾಡಿದ ಪುಟ ಇಂದು ಬಹುಮಟ್ಟಿಗೆ ಮಾರಾಟದ ಫಲಕವಾಗಿದ್ದು, ಕೊಳ್ಳುವವನು ಬರುವವರೆಗೆ ಶುಲ್ಕ ಮಾತ್ರ ತಪ್ಪದೆ ಬೀಳುತ್ತದೆ. ಕಟ್ಟದೆ ಬಿಟ್ಟ ಡಾಟ್ ಕಾಮ್ ಹೆಸರಿಗೆ ಮೊದಲು ರಿಯಾಯಿತಿಯ ಗಡುವು, ಅನಂತರ ದುಬಾರಿ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನ, ಕೊನೆಗೆ ಅಳಿಸುವ ಮುನ್ನಿನ 5 ದಿನ ಇದ್ದು, ಆಮೇಲೆ ಮೊದಲು ಕೈಚಾಚಿದವರು ಅದನ್ನು ಹೊಸದಾಗಿ ನೋಂದಾಯಿಸಿಕೊಳ್ಳಬಹುದು.