ಗೇಣಿ ಮತ್ತು ಮತ: ಅಸಮಾನ ಸಮಾಜದಲ್ಲಿ ಪ್ರಜಾಪ್ರಭುತ್ವದ ನೆಲೆ

ಪ್ರಜಾಪ್ರಭುತ್ವವನ್ನು ಸಾಮಾನ್ಯವಾಗಿ ಒಂದು ಆಡಳಿತ ಪದ್ಧತಿಯೆಂದು ವಿವರಿಸಲಾಗುತ್ತದೆ. ಚುನಾವಣೆ, ಶಾಸನಸಭೆ, ನ್ಯಾಯಾಂಗ ಇವೇ ಅದರ ಅಂಗಗಳೆಂಬ ತಿಳಿವಳಿಕೆ ಪ್ರಚಲಿತವಾಗಿದೆ. ಆದರೆ ಈ ಅಂಗಗಳೆಲ್ಲ ಯಾವ ನೆಲದ ಮೇಲೆ ನಿಂತಿವೆ ಎಂಬ ಪ್ರಶ್ನೆಯನ್ನು ಕೇಳಿದಾಗ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡಿದ ಡಾ. ಬಿ.ಆರ್. ಅಂಬೇಡ್ಕರ್ ಅವರು ಎತ್ತಿದ್ದು ಇದೇ ಪ್ರಶ್ನೆಯನ್ನು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಹಾಗೂ ಆರ್ಥಿಕ ಜೀವನದಲ್ಲಿ ಅಸಮಾನತೆ ಎಂಬ ವೈರುಧ್ಯದೊಳಕ್ಕೆ ದೇಶವು ಕಾಲಿಡುತ್ತಿದೆ. ಇದು ದೀರ್ಘಕಾಲ ಮುಂದುವರಿದರೆ ಅಸಮಾನತೆಯಿಂದ ನೊಂದವರು ಈ ರಾಜಕೀಯ ಕಟ್ಟಡವನ್ನೇ ಕೆಡವಬಹುದು ಎಂದು ಅವರು ಎಚ್ಚರಿಸಿದ್ದರು. ಈ ಎಚ್ಚರಿಕೆಯ ಅರ್ಥವನ್ನು ಕರ್ನಾಟಕದ ಭೂಸಂಬಂಧಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾತಿನಿಧ್ಯದ ಕಲ್ಪನೆ ಈ ನಾಡಿಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಇದು ಗಮನಾರ್ಹ ಪ್ರಯೋಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಪ್ರಜೆಗಳ ಪರವಾಗಿ ಮಾತನಾಡಿದವರು ಮುಖ್ಯವಾಗಿ ಭೂಹಿಡುವಳಿದಾರರು ಮತ್ತು ವರ್ತಕರು. ಆಸ್ತಿಯೇ ಪ್ರಾತಿನಿಧ್ಯದ ಅರ್ಹತೆಯಾಗಿದ್ದ ಆ ವ್ಯವಸ್ಥೆಯಲ್ಲಿ ಉಳುವವನಿಗೆ ದನಿಯಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ವಯಸ್ಕ ಮತದಾನದ ಮೂಲಕ ಈ ಅರ್ಹತೆಯನ್ನು ತೊಡೆದುಹಾಕಿತು. ಅಲ್ಲಿಂದ ಮುಂದೆ ಒಡೆಯನಿಗೂ ಒಂದು ಮತ, ಒಕ್ಕಲಿಗೂ ಒಂದು ಮತ.

ಈ ಸಮಾನತೆಗೂ ಹಳ್ಳಿಯ ವಾಸ್ತವಕ್ಕೂ ಇದ್ದ ಅಂತರವನ್ನು ಕಾಗೋಡು ಸತ್ಯಾಗ್ರಹ ಬಯಲಿಗೆ ತಂದಿತು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ನಡೆದ ಈ ಹೋರಾಟದಲ್ಲಿ ಗೇಣಿದಾರರಾದ ದೀವರು ಭೂಮಾಲೀಕರಿಗೆ ಎದುರಾಗಿ ನಿಂತರು. ಎಚ್. ಗಣಪತಿಯಪ್ಪ ಅವರು ಸಂಘಟಿಸಿದ ಈ ಚಳವಳಿಗೆ ಸಮಾಜವಾದಿಗಳ ಬೆಂಬಲ ದೊರೆಯಿತು. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ವಿವಾದದ ಕೇಂದ್ರದಲ್ಲಿದ್ದುದು ಗೇಣಿ ಭತ್ತವನ್ನು ಅಳೆಯುವ ಕೊಳಗ. ಅಳತೆಯ ಪಾತ್ರೆ ಯಾರ ಕೈಯಲ್ಲಿದೆಯೋ ಅವನೇ ನ್ಯಾಯದ ಪ್ರಮಾಣವನ್ನೂ ನಿರ್ಧರಿಸುತ್ತಿದ್ದ. ಯಾವ ಕ್ಷಣದಲ್ಲಾದರೂ ಜಮೀನಿನಿಂದ ಹೊರದೂಡಬಲ್ಲ ಒಡೆಯನ ಎದುರು ಗೇಣಿದಾರನ ಮತ ಎಷ್ಟರ ಮಟ್ಟಿಗೆ ಅವನದೇ ಆಗಿರಲು ಸಾಧ್ಯ? ಮತಪೆಟ್ಟಿಗೆಯ ಗೌಪ್ಯ ಅವನನ್ನು ಒಂದು ದಿನ ಕಾಪಾಡಬಹುದು. ಉಳಿದ ದಿನಗಳಲ್ಲಿ ಅವನನ್ನು ಕಾಪಾಡುವುದು ಭೂಮಿಯ ಮೇಲಣ ಹಕ್ಕು ಮಾತ್ರ. 1952ರ ಚುನಾವಣೆಯಲ್ಲಿ ಇದೇ ಪ್ರದೇಶದಿಂದ ಶಾಂತವೇರಿ ಗೋಪಾಲಗೌಡರು ಆಯ್ಕೆಯಾದದ್ದು, ಸಂಘಟಿತರಾದಾಗ ಅವಲಂಬಿತರ ಮತವೂ ಸ್ವತಂತ್ರವಾಗಬಲ್ಲುದು ಎಂಬುದಕ್ಕೆ ಸಾಕ್ಷಿ.

ಶಾಸನದ ಹಾದಿ ಇದಕ್ಕಿಂತ ನಿಧಾನವಾಗಿತ್ತು. 1957ರಲ್ಲಿ ಬಿ.ಡಿ. ಜತ್ತಿ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯ ವರದಿಯನ್ನು ಆಧರಿಸಿ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡು, 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಮಾಲೀಕನು ಜಮೀನನ್ನು ಮರಳಿ ಪಡೆಯಲು ಅದರಲ್ಲಿ ಅವಕಾಶವಿತ್ತು. ಬಾಯಿಮಾತಿನ ಗೇಣಿಗೆ ದಾಖಲೆಯ ಆಧಾರವಿರಲಿಲ್ಲ. ಡಿ. ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದಾಗ ಪರಿಸ್ಥಿತಿ ಮೂಲಭೂತವಾಗಿ ಬದಲಾಯಿತು. ಗೇಣಿ ಜಮೀನುಗಳೆಲ್ಲ ಸರಕಾರಕ್ಕೆ ನಿಹಿತವಾದವು. ಉಳುತ್ತಿದ್ದವನು ಅಧಿಭೋಗದ ಹಕ್ಕಿಗಾಗಿ ಅರ್ಜಿ ಸಲ್ಲಿಸಬಹುದಾಯಿತು. ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಇವುಗಳ ತೀರ್ಮಾನಕ್ಕಾಗಿ ರಚಿಸಿದ ಭೂ ನ್ಯಾಯಮಂಡಳಿಗಳಲ್ಲಿ ಅಧಿಕಾರಿಯೊಂದಿಗೆ ಅಧಿಕಾರೇತರ ಸದಸ್ಯರೂ ಕುಳಿತರು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರನು ಒಡೆಯನ ಸಮ್ಮುಖದಲ್ಲಿ ತಾನೇ ನಿಂತು, ತನ್ನ ಭಾಷೆಯಲ್ಲಿ, ಈ ನೆಲ ನಾನು ಉಳುತ್ತಿರುವ ನೆಲವೆಂದು ಹೇಳಬೇಕಾಗಿತ್ತು. ಆ ಹೇಳಿಕೆಯನ್ನು ಕೇವಲ ಕಂದಾಯ ವ್ಯವಹಾರವೆಂದು ಕಾಣುವುದು ಸರಿಯಲ್ಲ. ತಲೆಮಾರುಗಳ ಮೌನದ ನಂತರ ಬಂದ ಅದು ಪೌರತ್ವದ ಘೋಷಣೆಯೂ ಆಗಿತ್ತು.

ಈ ಸಾಧನೆಯ ಮಿತಿಗಳನ್ನೂ ಗುರುತಿಸಬೇಕು. ಗೇಣಿ ಪದ್ಧತಿ ವ್ಯಾಪಕವಾಗಿದ್ದ ಕರಾವಳಿ ಮತ್ತು ಮಲೆನಾಡುಗಳಲ್ಲಿ ಕಾಯಿದೆ ಹೆಚ್ಚು ಫಲ ನೀಡಿತು. ಬಯಲುಸೀಮೆಯ ಒಣಭೂಮಿಯ ಪ್ರದೇಶಗಳಲ್ಲಿ ಅದರ ಪರಿಣಾಮ ಕಡಿಮೆ. ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಶಾಸನವು, ಗೇಣಿಯೂ ಇಲ್ಲದೆ ಕೂಲಿಯಿಂದಲೇ ಬದುಕುತ್ತಿದ್ದವನಿಗೆ ಅಷ್ಟಾಗಿ ತಲುಪಲಿಲ್ಲ. ಅಂಥವರಲ್ಲಿ ದಲಿತರ ಪಾಲು ದೊಡ್ಡದು. ಇನ್ನೊಂದು ಸಂಗತಿಯೂ ಗಮನಾರ್ಹ. ನ್ಯಾಯಮಂಡಳಿಗಳು ಕೆಲಸ ಮಾಡಿದ ಅವಧಿಯಲ್ಲಿಯೇ 1975ರಿಂದ 1977ರವರೆಗೆ ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದು ನಾಗರಿಕ ಸ್ವಾತಂತ್ರ್ಯಗಳು ಮೊಟಕಾಗಿದ್ದವು. ಸಮಾನತೆಯೆಡೆಗಿನ ಹೆಜ್ಜೆಯೂ ಸ್ವಾತಂತ್ರ್ಯದ ಹರಣವೂ ಒಂದೇ ಕಾಲದಲ್ಲಿ ಸಂಭವಿಸಿದ್ದು ಚಿಂತನೆಗೆ ಯೋಗ್ಯ. ಸ್ವಾತಂತ್ರ್ಯ, ಸಮಾನತೆ, ಸೋದರತೆಗಳನ್ನು ಒಂದರಿಂದೊಂದು ಬೇರ್ಪಡಿಸಲಾಗದೆಂದು ಅಂಬೇಡ್ಕರ್ ಅದೇ ಭಾಷಣದಲ್ಲಿ ಹೇಳಿದ್ದನ್ನು ಇಲ್ಲಿ ನೆನೆಯಬಹುದು.

ಭೂಸುಧಾರಣೆಯ ನಂತರ ಪ್ರಜಾಪ್ರಭುತ್ವವನ್ನು ಹಳ್ಳಿಗೆ ಇಳಿಸುವ ಯತ್ನ ನಡೆಯಿತು. 1983ರ ಕಾಯಿದೆಯನ್ವಯ 1987ರಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾದವು. ಸಂವಿಧಾನದ 73ನೆಯ ತಿದ್ದುಪಡಿಯ ಬೆನ್ನಲ್ಲಿ 1993ರ ಪಂಚಾಯತ್ ರಾಜ್ ಕಾಯಿದೆ ಬಂದಿತು. ಕೂಲಿಕಾರರೂ ಮಹಿಳೆಯರೂ ಅಧ್ಯಕ್ಷಪೀಠದಲ್ಲಿ ಕುಳಿತದ್ದು ಸಣ್ಣ ಬದಲಾವಣೆಯಲ್ಲ. ಆದರೂ 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ವರದಿಗಳು ಪ್ರಕಟವಾದವು. ಹರಾಜಿನ ಹಣ ದೇವಾಲಯಕ್ಕೋ ಊರಿನ ಕೆಲಸಕ್ಕೋ ಎಂಬ ಸಮರ್ಥನೆ ಇಂಥ ಸಂದರ್ಭಗಳಲ್ಲಿ ಕೇಳಿಬರುತ್ತದೆ; ಫಲಿತಾಂಶಕ್ಕೆ ‘ಅವಿರೋಧ ಆಯ್ಕೆ’ ಎಂಬ ಗೌರವದ ಹೆಸರೂ ದೊರೆಯುತ್ತದೆ. ಸಮಾನರ ನಡುವಿನ ಅವಿರೋಧ ಒಮ್ಮತವಾಗಬಹುದು. ಅಸಮಾನರ ನಡುವಿನ ಅವಿರೋಧವನ್ನು ಒಮ್ಮತವೆನ್ನುವ ಮೊದಲು, ವಿರೋಧಿಸಿದ್ದರೆ ಮರುದಿನದ ಕೂಲಿ ಯಾರಿಗೆ ತಪ್ಪುತ್ತಿತ್ತು ಎಂದು ಕೇಳಬೇಕು.

ಪಡಿತರ ವ್ಯವಸ್ಥೆ, 2005ರ ಉದ್ಯೋಗ ಖಾತರಿ ಕಾಯಿದೆ ಮೊದಲಾದವು ದುಡಿಯುವವನಿಗೆ ಭೂಮಾಲೀಕನ ಹೊರತಾದ ಆಸರೆಯನ್ನು ಒದಗಿಸಿದವು. ಆ ಮಟ್ಟಿಗೆ ಅವನ ಮತವೂ ಬಿಡುಗಡೆ ಪಡೆಯಿತು. ಆದರೆ ಫಲಾನುಭವಿಗಳ ಪಟ್ಟಿಯನ್ನು ಬರೆಯುವ ಕೈ ಪ್ರಬಲರದೇ ಆದರೆ ಹಳೆಯ ಅವಲಂಬನೆ ಹೊಸ ರೂಪದಲ್ಲಿ ಮರಳುತ್ತದೆ. ಇತ್ತ 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು ತೆಗೆದುಹಾಕಿತು. ಇದರ ಆರ್ಥಿಕ ಸಾಧಕಬಾಧಕಗಳ ಜೊತೆಗೆ ಹಳ್ಳಿಯ ಅಧಿಕಾರ ಸಂಬಂಧಗಳ ಮೇಲಣ ಪರಿಣಾಮವೂ ಅಧ್ಯಯನದ ವಿಷಯವಾಗಬೇಕು.

ಒಟ್ಟಿನಲ್ಲಿ, ಪ್ರಜಾಪ್ರಭುತ್ವ ಕುಸಿಯುವುದು ಸೈನಿಕ ಕ್ರಾಂತಿಯಿಂದ ಅಥವಾ ಸಂವಿಧಾನದ ಅಮಾನತಿನಿಂದ ಮಾತ್ರವಲ್ಲ. ಸಂಸ್ಥೆಗಳೆಲ್ಲ ಯಥಾವತ್ತಾಗಿ ನಡೆಯುತ್ತಿರುವಾಗಲೂ, ಒಬ್ಬನ ಅನ್ನ ಇನ್ನೊಬ್ಬನ ಮರ್ಜಿಯಲ್ಲಿರುವಲ್ಲಿ ಅದು ಒಳಗಿನಿಂದ ಟೊಳ್ಳಾಗುತ್ತದೆ. ಕಾಗೋಡಿನ ರೈತರು ಕೇಳಿದ್ದು ಸರಿಯಾದ ಕೊಳಗವನ್ನು. ಅಳತೆ ಸಮವಾಗದೆ ಮತ ಸಮವಾಗದೆಂಬ ತಿಳಿವು ಆ ಬೇಡಿಕೆಯಲ್ಲಿತ್ತು.